ಮನೆಯಲ್ಲೇ ಐಎನ್‌ಆರ್ ಪರೀಕ್ಷೆ: ಯಂತ್ರ ನಂಬುವ ಮುನ್ನ

ಹೃದಯದ ವಾಲ್ವ್ ಬದಲಿಸಿಕೊಂಡವರು, ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದವರು, ಎದೆಬಡಿತ ತಾಳ ತಪ್ಪುವವರು ನಮ್ಮ ಕುಟುಂಬಗಳಲ್ಲೂ ಇದ್ದಾರೆ. ಅವರಲ್ಲಿ ಹಲವರು ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ತೆಗೆದುಕೊಳ್ಳುತ್ತಾರೆ. ನಾವು ಇದನ್ನು ‘ರಕ್ತ ತೆಳು ಮಾಡುವ ಮಾತ್ರೆ’ ಅಂತೇವೆ. ನಿಜವಾಗಿ ರಕ್ತವೇನೂ ತೆಳುವಾಗುವುದಿಲ್ಲ, ಹೆಪ್ಪುಗಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ ಅಷ್ಟೆ. ಆ ಲೆಕ್ಕವೇ ಐಎನ್‌ಆರ್. ಈ ಮಾತ್ರೆ ತೆಗೆದುಕೊಳ್ಳುವ ಹೆಚ್ಚಿನವರಿಗೆ ಅದು 2ರಿಂದ 3ರ ಒಳಗಿರಬೇಕು. ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಇದ್ದವರಿಗೆ ಸಾಮಾನ್ಯವಾಗಿ 2.5ರಿಂದ 3.5. ಕಮ್ಮಿಯಾದರೆ ಪಾರ್ಶ್ವವಾಯುವಿನ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ.

ಇದಕ್ಕಾಗಿ ಪ್ರತೀ ಸಲ ಲ್ಯಾಬಿಗೆ ಹೋಗುವ ಕಷ್ಟ ತಪ್ಪಿಸಲೆಂದು ಕೆಲವರು ಕೋಗುಚೆಕ್‌ನಂತಹ ಪುಟ್ಟ ಯಂತ್ರ ತರಿಸಿಕೊಳ್ಳುತ್ತಾರೆ. ಗಲ್ಫ್‌ನಿಂದ ಮಗನೋ ಅಳಿಯನೋ ತರುವುದೂ ಉಂಟು. ಒಳ್ಳೆಯದೇ. ಆದರೆ ಶುಗರ್ ಯಂತ್ರದ ಹಾಗೆ ಇದನ್ನು ಬಳಸಿದರೆ ಅಂಕಿ ಕೈಕೊಡುತ್ತದೆ.

ಮೊದಲು ಪಟ್ಟಿ, ಅಂದರೆ ಸ್ಟ್ರಿಪ್. ಕೋಗುಚೆಕ್ ಎಕ್ಸ್‌ಎಸ್‌ನ ಪಟ್ಟಿಗಳನ್ನು 2ರಿಂದ 30 ಡಿಗ್ರಿಯೊಳಗೆ ಇಡಬೇಕು. ನಮ್ಮ ಕರಾವಳಿಯ ಏಪ್ರಿಲ್ ಸೆಕೆಗೆ ಕಪಾಟು, ಕಾರಿನ ಡ್ಯಾಶ್‌ಬೋರ್ಡ್ ಎರಡೂ ಆಗದು. ಡಬ್ಬಿಯಿಂದ ತೆಗೆದ ಪಟ್ಟಿಯನ್ನು 10 ನಿಮಿಷದೊಳಗೆ ಬಳಸಿ, ಡಬ್ಬಿ ಕೂಡಲೇ ಮುಚ್ಚಿ. ಪಟ್ಟಿಯ ಜೊತೆ ಬರುವ ಕೋಡ್ ಚಿಪ್‌ನ ಸಂಖ್ಯೆ ಡಬ್ಬಿಯ ಸಂಖ್ಯೆಗೆ ಹೊಂದಬೇಕು. ಹೊಸ ಡಬ್ಬಿ ಬಂತೆಂದರೆ ಚಿಪ್ಪೂ ಹೊಸದು.

ಇನ್ನು ರಕ್ತದ ಹನಿ. ಕೈಯನ್ನು ಬಿಸಿನೀರಿನಲ್ಲಿ ತೊಳೆದು ಚೆನ್ನಾಗಿ ಒರೆಸಿ, ಕೈ ಕೆಳಗಿಳಿಸಿ. ಚುಚ್ಚಿದ 15 ಸೆಕೆಂಡಿನೊಳಗೆ ಮೊದಲ ಹನಿಯನ್ನೇ ಮುಟ್ಟಿಸಬೇಕು. ಸಾಲದಿದ್ದರೆ ಮೇಲಿಂದ ಇನ್ನೊಂದು ಹನಿ ಹಾಕಬೇಡಿ. ಬೆರಳನ್ನು ಹಿಂಡಿ ಹಿಂಡಿ ರಕ್ತ ತೆಗೆಯಲೂಬೇಡಿ. ಹೊಸ ಪಟ್ಟಿ, ಬೇರೆ ಬೆರಳು. ಪಟ್ಟಿ ದುಬಾರಿ, ಬಿಸಾಡಲು ಮನಸ್ಸಾಗುವುದಿಲ್ಲ, ನಮಗೂ ಗೊತ್ತು. ಆದರೆ ಸುಳ್ಳು ಅಂಕಿ ಅದಕ್ಕಿಂತ ದುಬಾರಿ.

ಇನ್ನೊಂದು ಮಾತು. ಮನೆಯ ಶುಗರ್ ರೋಗಿ ಬಳಸುವ ಚುಚ್ಚುವ ಪೆನ್ನನ್ನೇ ಇದಕ್ಕೂ ಬಳಸಬಾರದು. ಸೂಜಿ ಬದಲಿಸಿದರೂ ಪೆನ್ನಿನಲ್ಲಿ ಉಳಿದ ರಕ್ತದಿಂದ ಹೆಪಟೈಟಿಸ್ ಬಿ ಹರಡಬಹುದು. ತಾಯಿ-ಮಗಳಾದರೂ ಅಷ್ಟೆ.

ಯಂತ್ರಕ್ಕೂ ಮಿತಿ ಇದೆ. 2018ರಲ್ಲಿ ಇದೇ ಕಂಪೆನಿಯ ಕೆಲವು ಪಟ್ಟಿಗಳು 4.5ಕ್ಕಿಂತ ಮೇಲಿನ ಅಂಕಿಯನ್ನು ಇರುವುದಕ್ಕಿಂತ ಹೆಚ್ಚು ತೋರಿಸಿದ್ದರಿಂದ ಅವನ್ನು ವಾಪಸ್ ಪಡೆಯಲಾಯಿತು. ತೀರಾ ರಕ್ತಹೀನತೆ ಇದ್ದವರಲ್ಲಿ, ಲೂಪಸ್ ಮುಂತಾದ ಕಾಯಿಲೆಯವರಲ್ಲೂ ಅಂಕಿ ತಪ್ಪಬಹುದು. ಆದ್ದರಿಂದ ಯಂತ್ರ ತಂದ ಹೊಸತರಲ್ಲಿ ಅದೇ ದಿನ ಲ್ಯಾಬಿನಲ್ಲೂ ಪರೀಕ್ಷಿಸಿ ಎರಡನ್ನೂ ಡಾಕ್ಟರರಿಗೆ ತೋರಿಸಿ. ಆಮೇಲೂ ಆಗಾಗ ಹೀಗೆ ಮಾಡಿ. ಅಂದಹಾಗೆ, ರಿವರಾಕ್ಸಬಾನ್, ಅಪಿಕ್ಸಬಾನ್‌ನಂತಹ ಹೊಸ ಮಾತ್ರೆಯವರಿಗೆ ಈ ಯಂತ್ರದಿಂದ ಉಪಯೋಗವಿಲ್ಲ.

ಅಂಕಿ ನೋಡಿ ನಾವೇ ಮಾತ್ರೆ ಏರಿಸುವುದು, ಇಳಿಸುವುದು ಬೇಡ. ಡಾಕ್ಟರರಿಗೆ ಫೋನ್ ಮಾಡಿ, ಪುಸ್ತಕದಲ್ಲಿ ಬರೆದಿಡಿ. ಬಸಳೆ, ನುಗ್ಗೆಸೊಪ್ಪು ಬಿಡಬೇಕಿಲ್ಲ. ಒಂದು ವಾರ ರಾಶಿ, ಮರುವಾರ ಏನೂ ಇಲ್ಲ ಎಂದಾಗಬಾರದು. ರಂಝಾನ್‌ನಲ್ಲಿ ಊಟದ ಹೊತ್ತು, ಮಾತ್ರೆಯ ಹೊತ್ತು ಎರಡೂ ಬದಲಾಗುವುದರಿಂದ ಕೆಲವು ವಾರ ಮುಂಚೆಯೇ ಡಾಕ್ಟರರನ್ನು ಕೇಳಿ. ಮೆಡಿಕಲ್‌ನಿಂದ ನೋವಿನ ಮಾತ್ರೆಯನ್ನೋ ಆಂಟಿಬಯೋಟಿಕನ್ನೋ ತರುವ ಮುಂಚೆಯೂ ಅಷ್ಟೆ.

ಕಪ್ಪು ಮಲ, ಮೂತ್ರದಲ್ಲಿ ರಕ್ತ, ನಿಲ್ಲದ ಮೂಗಿನ ರಕ್ತ, ಬಿದ್ದು ತಲೆಗೆ ಪೆಟ್ಟು, ಒಮ್ಮೆಲೇ ಬಾಯಿ ಸೊಟ್ಟಗಾಗುವುದು ಕಂಡರೆ ಯಂತ್ರ ಹುಡುಕುತ್ತಾ ಕೂರದೆ ನೇರ ಆಸ್ಪತ್ರೆಗೆ ಹೊರಡಿ, ಮಾತ್ರೆಯ ಹೆಸರನ್ನು ಅಲ್ಲಿ ಮೊದಲೇ ಹೇಳಿ.