ಇಫ್ ಕ್ಲಾಸಿನ ಒಳಗೋ, ಹೊರಗೋ?

ಇಫ್ ಬರೆಯುವುದು ಕಷ್ಟವೇನಲ್ಲ. ಷರತ್ತು ನಿಜವಾದರೆ ಒಂದು ಕೆಲಸ, ಸುಳ್ಳಾದರೆ ಎಲ್ಸ್‌ನಲ್ಲಿರುವ ಇನ್ನೊಂದು ಕೆಲಸ. ಆದರೆ ಪೈಥಾನ್ ಕಲಿಯುತ್ತಾ ಕ್ಲಾಸ್, ಆಬ್ಜೆಕ್ಟ್‌ವರೆಗೆ ಬಂದ ಪ್ರಥಮ ಪಿಯುಸಿಯ ಗೆಳೆಯರು ಲ್ಯಾಬಿನಲ್ಲಿ ನನ್ನನ್ನು ಕೇಳುವ ಪ್ರಶ್ನೆ ಬೇರೆ: ಈ ಇಫ್ ಅನ್ನು ಕ್ಲಾಸಿನ ಒಳಗೆ ಬರೆಯಬೇಕೋ, ಹೊರಗೋ? ನಮಗೆಲ್ಲ ಗೊತ್ತಿರುವ ಪಿಯುಸಿ ಫಲಿತಾಂಶವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಉತ್ತರಿಸುತ್ತೇನೆ.

ದ್ವಿತೀಯ ಪಿಯುಸಿಯಲ್ಲಿ ಆರು ವಿಷಯ, ಒಟ್ಟು 600 ಅಂಕ. 510 ಅಥವಾ ಹೆಚ್ಚು ಬಂದರೆ ಡಿಸ್ಟಿಂಕ್ಷನ್, 360ರಿಂದ ಪ್ರಥಮ ದರ್ಜೆ, 300ರಿಂದ ದ್ವಿತೀಯ ದರ್ಜೆ, ಉಳಿದ ಉತ್ತೀರ್ಣರಿಗೆ ತೃತೀಯ ದರ್ಜೆ. 2025-26ರ ನಿಯಮದಂತೆ ಪಾಸಾಗಲು ಒಟ್ಟು 198 ಅಂಕ ಬೇಕು, ಜೊತೆಗೆ ಪ್ರತಿ ವಿಷಯದಲ್ಲೂ ಕನಿಷ್ಠ 30 ಇರಬೇಕು.

'ವಿದ್ಯಾರ್ಥಿ' ಎಂಬ ಕ್ಲಾಸ್ ಮಾಡೋಣ. ಪ್ರತಿಯೊಂದು ಆಬ್ಜೆಕ್ಟ್ ಒಬ್ಬ ವಿದ್ಯಾರ್ಥಿ. ಆರು ಅಂಕಗಳು ಅದರೊಳಗೇ ಇರುತ್ತವೆ. ಅದಕ್ಕೆ 'ಫಲಿತಾಂಶ' ಎಂಬ ಒಂದು ಮೆಥಡ್ ಕೊಡೋಣ. ಮೆಥಡ್ ಒಳಗಿನ ಷರತ್ತುಗಳನ್ನು ಕನ್ನಡದಲ್ಲೇ ಬರೆದರೆ ಹೀಗಿರುತ್ತವೆ:

ಇಫ್ ಕನಿಷ್ಠ ಅಂಕ < 30 ಆರ್ ಒಟ್ಟು < 198: ಅನುತ್ತೀರ್ಣ
ಎಲಿಫ್ ಒಟ್ಟು >= 510: ಡಿಸ್ಟಿಂಕ್ಷನ್
ಎಲಿಫ್ ಒಟ್ಟು >= 360: ಪ್ರಥಮ ದರ್ಜೆ
ಎಲಿಫ್ ಒಟ್ಟು >= 300: ದ್ವಿತೀಯ ದರ್ಜೆ
ಎಲ್ಸ್: ತೃತೀಯ ದರ್ಜೆ

ಇಲ್ಲಿ ಮೂರು ವಿಷಯ ಗಮನಿಸಿ.

ಮೊದಲನೆಯದು ಕ್ರಮ. ಪೈಥಾನ್ ಮೇಲಿನಿಂದ ಕೆಳಗೆ ನೋಡುತ್ತಾ ಬಂದು, ಮೊದಲು ನಿಜವಾದ ಷರತ್ತಿನಲ್ಲೇ ನಿಲ್ಲುತ್ತದೆ. ಅದರ ಕೆಳಗಿನ ಸಾಲುಗಳನ್ನು ನೋಡುವುದೇ ಇಲ್ಲ. 300ರ ಸಾಲನ್ನು 510ರ ಮೇಲೆ ಇಟ್ಟರೆ 548 ಅಂಕ ಪಡೆದವರಿಗೂ ದ್ವಿತೀಯ ದರ್ಜೆಯೇ ಸಿಗುತ್ತದೆ. ಪ್ರೋಗ್ರಾಂ ಎರರ್ ತೋರಿಸುವುದಿಲ್ಲ, ಉತ್ತರ ಮಾತ್ರ ತಪ್ಪು.

ಎರಡನೆಯದು ಗಡಿ. >= ಬದಲು > ಎಂದು ಬರೆದರೆ ಸರಿಯಾಗಿ 510 ತೆಗೆದವರ ಡಿಸ್ಟಿಂಕ್ಷನ್ ಹೋಯಿತು! ಅದಕ್ಕೇ ಪ್ರೋಗ್ರಾಂ ಪರೀಕ್ಷಿಸುವಾಗ 509, 510, 511 ಮೂರನ್ನೂ ಕೊಟ್ಟು ನೋಡಬೇಕು.

ಮೂರನೆಯದು 'ಆರ್'. ಒಬ್ಬರ ಒಟ್ಟು ಅಂಕ 431, ಆದರೆ ಒಂದು ವಿಷಯದಲ್ಲಿ 27 ಎಂದುಕೊಳ್ಳಿ. ಒಟ್ಟು ಮಾತ್ರ ನೋಡಿದರೆ ಪ್ರಥಮ ದರ್ಜೆ, ನಿಯಮ ನೋಡಿದರೆ ಅನುತ್ತೀರ್ಣ. ಎರಡರಲ್ಲಿ ಯಾವುದೇ ಒಂದು ಕೊರತೆಯಿದ್ದರೂ ಪಾಸಿಲ್ಲ, ಆದ್ದರಿಂದ ಇಲ್ಲಿ 'ಆ್ಯಂಡ್' ಅಲ್ಲ, 'ಆರ್' ಬೇಕು.

ಈಗ ಮೊದಲ ಪ್ರಶ್ನೆಗೆ ಬರೋಣ. ಇದೇ ಷರತ್ತುಗಳನ್ನು ಕ್ಲಾಸಿನ ಹೊರಗೂ ಬರೆಯಬಹುದು. ಅಂಕಪಟ್ಟಿ ಮುದ್ರಿಸುವ ಭಾಗದಲ್ಲಿ ಒಮ್ಮೆ, ನೋಟಿಸ್ ಬೋರ್ಡಿನ ಪಟ್ಟಿ ಮಾಡುವಲ್ಲಿ ಇನ್ನೊಮ್ಮೆ, ಪೋಷಕರಿಗೆ ಮೆಸೇಜ್ ಕಳುಹಿಸುವಲ್ಲಿ ಮತ್ತೊಮ್ಮೆ. ಆದರೆ ನಿಯಮ ಬದಲಾದಾಗ ಏನಾಗುತ್ತದೆ? ಪಾಸಾಗಲು 35 ಬೇಕು ಎಂಬುದು ನಮಗೆ ಬಾಯಿಪಾಠವಾಗಿತ್ತು, ಅದೇ ಬದಲಾಯಿತಲ್ಲ! ಮೂರು ಕಡೆ ಬರೆದಿದ್ದರೆ ಮೂರು ಕಡೆಯೂ ತಿದ್ದಬೇಕು. ಒಂದು ಬಿಟ್ಟುಹೋದರೆ ಅಂಕಪಟ್ಟಿಯಲ್ಲಿ ಪಾಸಾದವರ ಮನೆಗೆ ಫೇಲ್ ಎಂಬ ಮೆಸೇಜ್ ಹೋಗುತ್ತದೆ. ಫಲಿತಾಂಶದ ದಿನ ಅಂಥ ಮೆಸೇಜ್ ಓದುವ ಮನೆಯ ಪರಿಸ್ಥಿತಿಯನ್ನು ನಾನು ಹೇಳಬೇಕಾಗಿಲ್ಲ.

ಇಫ್ ಕ್ಲಾಸಿನ ಒಳಗಿದ್ದರೆ ಉಳಿದ ಭಾಗಗಳು ಅಂಕಗಳನ್ನು ತೆಗೆದುಕೊಂಡು ತಾವೇ ತೀರ್ಮಾನ ಮಾಡುವುದಿಲ್ಲ. ಆಬ್ಜೆಕ್ಟ್ ಅನ್ನು "ನಿನ್ನ ಫಲಿತಾಂಶ ಏನು?" ಎಂದು ಕೇಳುತ್ತವೆ, ಅಷ್ಟೇ. ಎಲ್ಲ ಕಡೆಗೂ ಒಂದೇ ಉತ್ತರ ಸಿಗುತ್ತದೆ. ನಿಯಮ ಬದಲಾದರೆ ತಿದ್ದುವುದು ಒಂದೇ ಜಾಗದಲ್ಲಿ.

ಹಾಗೆಂದು ಎಲ್ಲ ಇಫ್‌ಗಳೂ ಒಳಗೇ ಇರಬೇಕೆಂದಿಲ್ಲ. ಪೋಷಕರ ಫೋನ್ ನಂಬರ್ ಇದ್ದರೆ ಮಾತ್ರ ಮೆಸೇಜ್ ಕಳುಹಿಸು ಎಂಬ ಷರತ್ತು ಮೆಸೇಜ್ ಕಳುಹಿಸುವ ಭಾಗಕ್ಕೆ ಸೇರಿದ್ದು. ತೀರ್ಮಾನಕ್ಕೆ ಬೇಕಾದ ಮಾಹಿತಿ ಯಾರ ಬಳಿ ಇದೆ, ಆ ನಿಯಮ ಯಾರಿಗೆ ಸೇರಿದ್ದು ಎಂದು ಕೇಳಿಕೊಂಡರೆ ಇಫ್ ಎಲ್ಲಿರಬೇಕೆಂದು ತಿಳಿಯುತ್ತದೆ.

ಮುಂದಿನ ಲ್ಯಾಬ್ ಅವಧಿಯಲ್ಲಿ ಈ ಕ್ಲಾಸ್ ಅನ್ನು ನೀವೇ ಟೈಪ್ ಮಾಡಿ ನೋಡಿ. 197, 198, 510 ಕೊಟ್ಟು ಪರೀಕ್ಷಿಸಿ. ಒಟ್ಟು 431, ಕನಿಷ್ಠ 27 ಇರುವ ಆ ವಿದ್ಯಾರ್ಥಿಯನ್ನು ಮಾತ್ರ ಮರೆಯಬೇಡಿ.