ಒಂದು ರವಿವಾರ, ಒಂದು ಲೈನು: ಮಕ್ಕಳೊಡನೆ ಮುಂಬಯಿ ನೋಡುವ ಬಗೆ



ಶಾಲೆಗೆ ರಜೆ ಬಂತೆಂದರೆ ನಮ್ಮ ವಿಭಾಗಕ್ಕೆ ಬರುವ ಪತ್ರ, ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: "ಈ ಸಲ ಊರಿಗೆ ಟಿಕೆಟು ಸಿಗಲಿಲ್ಲ. ಮಕ್ಕಳನ್ನು ಇಲ್ಲೇ ಎಲ್ಲಾದರೂ ಕರೆದುಕೊಂಡು ಹೋಗಬೇಕು, ಎಲ್ಲಿಗೆ ಹೋಗೋಣ?" ಎಲ್ಲಿಗೆ ಎಂಬುದಕ್ಕೆ ಈ ಶಹರದಲ್ಲಿ ಉತ್ತರ ಬೇಕಾದಷ್ಟಿವೆ. ಹೇಗೆ ಎಂಬುದೇ ಕಷ್ಟ. ಹೋಟೆಲಿನಲ್ಲೋ ಕಚೇರಿಯಲ್ಲೋ ದುಡಿಯುವವರಿಗೆ ವಾರಕ್ಕೆ ಸಿಗುವುದು ಒಂದೇ ರಜೆ. ಅಂದು ಗೇಟ್‌ವೇ, ಚೌಪಾಟಿ, ಮಲಬಾರ್ ಹಿಲ್, ಜುಹೂ ಎಲ್ಲವನ್ನೂ ಮುಗಿಸಿಬಿಡೋಣ ಎಂದು ಹೊರಟರೆ ಮಗುವಿನ ನೆನಪಿನಲ್ಲಿ ಉಳಿಯುವುದು ಬಸ್ಸಿನ ಸಾಲು, ಅಪ್ಪನ ಅವಸರ, ಅಮ್ಮನ ಸಿಡುಕು.

ಆದ್ದರಿಂದ ನೋಡುವ ಜಾಗಗಳ ಪಟ್ಟಿಯಿಂದ ಶುರು ಮಾಡಬೇಡಿ. ನಿಮ್ಮ ರೈಲು ಮಾರ್ಗದಿಂದ ಮತ್ತು ನಿಮ್ಮ ಅತಿ ಚಿಕ್ಕ ಮಗುವಿನ ಕಾಲುಗಳಿಂದ ಶುರು ಮಾಡಿ. ಒಂದು ಲೈನು, ಒಂದು ಮುಖ್ಯ ಜಾಗ, ಒಂದು ಊಟ, ಒಂದು ನೆರಳು. ಒಂದು ದಿನಕ್ಕೆ ಇಷ್ಟು ಸಾಕು.

ವಾರ ನೋಡಿ, ಬ್ಲಾಕ್ ನೋಡಿ

ಮೊದಲು ವಾರದ ಲೆಕ್ಕ. ಭಾಯ್‌ಖಲಾದ ರಾಣಿಬಾಗ್‌ಗೆ ಬುಧವಾರ ರಜೆ. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ, ಎಲಿಫೆಂಟಾ ಗುಹೆಗಳು, ವರಳಿಯ ನೆಹರೂ ತಾರಾಲಯ ಈ ಮೂರಕ್ಕೂ ಸೋಮವಾರ ರಜೆ. ಹೋಟೆಲಿನವರಿಗೆ ವಾರದ ನಡುವೆ ರಜೆ ಬರುವುದುಂಟು, ಅವರು ಇದನ್ನು ಮರೆಯಬಾರದು. ಹಿರಿಯರ ಹಳೆಯ ನೆನಪನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. 1951ರಲ್ಲಿ ತೆರೆದ ತಾರಾಪೋರ್‌ವಾಲಾ ಮತ್ಸ್ಯಾಲಯ ವರ್ಷಗಳಿಂದ ಮುಚ್ಚಿದೆ. ಅಜ್ಜ ಹೇಳಿದರೆಂದು ಮೀನು ನೋಡಲು ಹೊರಟ ಮಗು ಬಾಗಿಲಿನಿಂದಲೇ ಹಿಂತಿರುಗಬೇಕಾದೀತು.

ರವಿವಾರವಾದರೆ ಮೆಗಾ ಬ್ಲಾಕ್. ಹಳಿ ದುರಸ್ತಿಗಾಗಿ ಸಾಮಾನ್ಯವಾಗಿ ಬೆಳಗ್ಗೆ 11ರ ಸುಮಾರಿಗೆ ಶುರುವಾಗಿ ಸಂಜೆ 4ರವರೆಗೆ ನಡೆಯುತ್ತದೆ. ಆ ಹೊತ್ತಿನಲ್ಲಿ ಗಾಡಿ ಕಡಿಮೆ, ಜನ ಹೆಚ್ಚು. ಯಾವ ಲೈನಿನಲ್ಲಿ, ಯಾವ ನಿಲ್ದಾಣಗಳ ನಡುವೆ ಎಂದು ಹಿಂದಿನ ದಿನವೇ ಪ್ರಕಟಣೆ ಬರುತ್ತದೆ. ಬ್ಲಾಕ್ ಶುರುವಾಗುವ ಮೊದಲು ಮುಟ್ಟಬೇಕು, ಮುಗಿದ ಮೇಲೆ ಮರಳಬೇಕು. ನಡುವಿನ ಹೊತ್ತು ರೈಲು ಬೇಡ.

ಒಂದು ಮಾದರಿ ದಿನ

ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಕುಟುಂಬ ಎಂದಿಟ್ಟುಕೊಳ್ಳಿ. ಬೆಳಗ್ಗೆ ಎಂಟರ ಸುಮಾರಿಗೆ ಹೊರಟರೆ ರಾಣಿಬಾಗ್ ತೆರೆಯುವ 9.30ಕ್ಕೆ ಭಾಯ್‌ಖಲಾದಲ್ಲಿ ಇರಬಹುದು. ನಿಲ್ದಾಣದ ಪೂರ್ವಕ್ಕೆ ಸ್ವಲ್ಪ ನಡಿಗೆ ಅಷ್ಟೆ. ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ ಎಂಬುದು ಈಗಿನ ಹೆಸರು, ಜನರ ಬಾಯಲ್ಲಿ ಇನ್ನೂ ರಾಣಿಬಾಗ್. ಪೆಂಗ್ವಿನ್‌ಗಳು 2016ರಲ್ಲಿ ಬಂದವು, 2017ರಿಂದ ಜನರು ನೋಡುತ್ತಿದ್ದಾರೆ. ಮೊದಲು ಅಲ್ಲಿಗೇ ಹೋಗಿ, ಹೊತ್ತೇರಿದಂತೆ ಸಾಲು ಬೆಳೆಯುತ್ತದೆ. 2017ರ ದರದಲ್ಲಿ ದೊಡ್ಡವರಿಗೆ 50, ಮಕ್ಕಳಿಗೆ 25, ಅಪ್ಪ ಅಮ್ಮ ಇಬ್ಬರು ಮಕ್ಕಳ ಕುಟುಂಬಕ್ಕೆ 100 ರೂಪಾಯಿ. ಹೊರಡುವ ಮೊದಲು ಇಂದಿನ ದರ ವಿಚಾರಿಸಿಕೊಳ್ಳಿ.

ಪ್ರಾಣಿಗಳಷ್ಟೇ ಅಲ್ಲ, ಇದು ಹಳೆಯ ಸಸ್ಯೋದ್ಯಾನವೂ ಹೌದು. ದಪ್ಪ ಹೊಟ್ಟೆಯ ಬಾವೊಬಾಬ್ ಮರವನ್ನು ತಬ್ಬಲು ಎಷ್ಟು ಜನ ಬೇಕೆಂದು ಮಕ್ಕಳನ್ನು ಕೇಳಿ. ಆವರಣದ ಪಕ್ಕದಲ್ಲಿ 1872ರಲ್ಲಿ ತೆರೆದ, ಈಗ ಡಾ. ಭಾವು ದಾಜಿ ಲಾಡ್ ಹೆಸರಿನ ವಸ್ತುಸಂಗ್ರಹಾಲಯವಿದೆ. ಅದರ ಬಳಿ ನಿಂತ ಕಲ್ಲಾನೆಯನ್ನು ತಪ್ಪದೆ ತೋರಿಸಿ. ಘಾರಾಪುರಿ ದ್ವೀಪಕ್ಕೆ ಪೋರ್ಚುಗೀಸರು ಎಲಿಫೆಂಟಾ ಎಂದು ಹೆಸರಿಡಲು ಕಾರಣವಾದ ಆನೆ ಇದೇ!

ಹನ್ನೆರಡರ ಹೊತ್ತಿಗೆ ಹೊರಬನ್ನಿ, ಇನ್ನೂ ಏನೋ ಉಳಿದಿದೆ ಎಂದು ಎಳೆದಾಡಬೇಡಿ. ಮುಂದಿನ ಅಂಬೇಡ್ಕರ್ ರಸ್ತೆಯೇ ನೇರ ಮಾಟುಂಗಾದ ಕಿಂಗ್ಸ್ ಸರ್ಕಲ್‌ಗೆ ಹೋಗುತ್ತದೆ. ಬೆಸ್ಟ್ ಬಸ್ಸೋ ಟ್ಯಾಕ್ಸಿಯೋ ಹಿಡಿದರೆ ಬ್ಲಾಕಿನ ಚಿಂತೆ ಇಲ್ಲ. ಮಾಟುಂಗಾದಲ್ಲಿ ಊಟದ ಬಗ್ಗೆ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ನಿಲ್ದಾಣದ ಎದುರು 1942ರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆ ಊಟ ಉಂಟು. ರವಿವಾರ ಅಲ್ಲಿ ಸಾಲೂ ಉಂಟು. ಮಗುವಿನ ಹಸಿವು ಸಾಲಿನಲ್ಲಿ ಕಾಯುವುದಿಲ್ಲ, ಆದ್ದರಿಂದ ಚೀಲದಲ್ಲಿ ಎರಡು ಇಡ್ಲಿ, ಬಾಳೆಹಣ್ಣು ಇರಲಿ.

ಊಟದ ನಂತರ ಫೈವ್ ಗಾರ್ಡನ್ಸ್ ಕಡೆಯ ಮರದ ನೆರಳು. ಇಲ್ಲಿ ನೋಡಬೇಕಾದ್ದು ಏನೂ ಇಲ್ಲ, ಅದೇ ಅದರ ಗುಣ. ಚಿಕ್ಕದು ತೊಡೆಯ ಮೇಲೆ ಒಂದು ನಿದ್ದೆ ತೆಗೆಯಲಿ. ಬ್ಲಾಕ್ ಮುಗಿದ ಮೇಲೆ ಮಾಟುಂಗಾದಿಂದಲೋ ದಾದರಿನಿಂದಲೋ ಅದೇ ಲೈನಿನಲ್ಲಿ ಮನೆಗೆ.

ಬೇರೆ ಲೈನಿನವರಿಗೆ

ಪಶ್ಚಿಮದವರಿಗೆ ಬೋರಿವಲಿಯ ಉದ್ಯಾನ ಹತ್ತಿರ. ಒಳಗೆ ಆರೇಳು ಕಿಲೋಮೀಟರ್ ದೂರದಲ್ಲಿ ಕಾನ್ಹೇರಿ ಇದೆ, ಕರಿಗಲ್ಲಿನಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಕೃಷ್ಣಗಿರಿ ಎಂಬುದೇ ಕಾನ್ಹೇರಿ ಆಯಿತೆಂದು ಮಕ್ಕಳಿಗೆ ಹೇಳಿ. ಚಿರತೆಗಳಿರುವ ಕಾಡು, ಸಂಜೆಗೆ ಮುಂಚೆ ಹೊರಬನ್ನಿ.

ಮಳೆಗಾಲಕ್ಕೆ ವರಳಿಯ ನೆಹರೂ ವಿಜ್ಞಾನ ಕೇಂದ್ರ ಒಳ್ಳೆಯದು. 1985ರಲ್ಲಿ ಆರಂಭವಾದ ಇದು ಹೋಳಿ, ದೀಪಾವಳಿ ಬಿಟ್ಟರೆ ಎಲ್ಲ ದಿನ ತೆರೆದಿರುತ್ತದೆ. ಮುಟ್ಟಬೇಡ ಎನ್ನದೆ ಮುಟ್ಟಿ ನೋಡು ಎನ್ನುವ ಜಾಗ. 2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆದ ಮೆಟ್ರೋ 3ರಲ್ಲಿ ಸೈನ್ಸ್ ಸೆಂಟರ್ ಹೆಸರಿನ ನಿಲ್ದಾಣವೇ ಇದೆ.

ಎಲಿಫೆಂಟಾಕ್ಕೆ ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ, ಆಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು. ಸ್ವಂತ ಕಾಲಲ್ಲಿ ಹತ್ತುವ ವಯಸ್ಸಿನ ಮಕ್ಕಳಿಗೇ ಸರಿ. ಕ್ರಿ.ಶ. 634ರ ಐಹೊಳೆ ಶಾಸನ ಪುಲಿಕೇಶಿ ಹಡಗುಗಳೊಂದಿಗೆ ಮುತ್ತಿದ ಪುರಿಯನ್ನು ಹೇಳುತ್ತದಲ್ಲ, ಅದು ಈ ಘಾರಾಪುರಿಯೇ ಎನ್ನುವ ಇತಿಹಾಸಕಾರರಿದ್ದಾರೆ. ದೋಣಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಕತೆ ಬೇಕೇ? ಆದರೆ ಮೊದಲು ಲೈಫ್ ಜಾಕೆಟ್. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ನೌಕಾಪಡೆಯ ವೇಗದೋಣಿ ಬಡಿದು ಪ್ರವಾಸಿ ದೋಣಿ ಮುಳುಗಿತು, ಜೀವಗಳು ಹೋದವು. ಮಗುವಿನ ಅಳತೆಯ ಜಾಕೆಟ್ ಕೇಳಿ ಹಾಕಿಸಿ. ಇಲ್ಲವೆಂದರೆ ಆ ದೋಣಿ ಬಿಡಿ.

ಗುಂಪಿನಲ್ಲಿ ಕೈ ತಪ್ಪಿದರೆ

ಲೋಕಲಿನಲ್ಲಿ 5 ವರ್ಷದೊಳಗಿನವರಿಗೆ ಟಿಕೆಟು ಬೇಡ, 5ರಿಂದ 12ರವರೆಗೆ ಅರ್ಧ. ಹನ್ನೆರಡರೊಳಗಿನ ಗಂಡುಮಕ್ಕಳು ಅಮ್ಮನ ಜೊತೆ ಮಹಿಳೆಯರ ಡಬ್ಬಿಯಲ್ಲಿ ಹೋಗಬಹುದು. ಸ್ಲೋ ಗಾಡಿಯನ್ನೇ ಹಿಡಿಯಿರಿ. ಹತ್ತುವ ಮೊದಲು ಮನೆಮಂದಿಯೆಲ್ಲ ಈ ನಿಯಮ ಒಪ್ಪಿಕೊಳ್ಳಿ: ಇಳಿಯಲಾಗದೆ ಉಳಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಇಳಿದವರು ಮುಂದಿನ ಗಾಡಿ ಹಿಡಿದು ಅಲ್ಲಿಗೆ ಬರಬೇಕು. ಯಾರೂ ಓಡುವ ಗಾಡಿಯಿಂದ ಹಾರಬಾರದು. ಇಬ್ಬರೂ ಹುಡುಕಲು ಹೊರಟರೆ ಇಬ್ಬರೂ ಸಿಗುವುದಿಲ್ಲ.

ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಮಗುವಿನ ಕಿಸೆಯೊಳಗೆ ಇಡಿ. ಹೊರಡುವಾಗ ಒಂದು ಫೋಟೋ ತೆಗೆದುಕೊಳ್ಳಿ, ಅಂದು ತೊಟ್ಟ ಅಂಗಿಯ ಬಣ್ಣ ಗಾಬರಿಯಲ್ಲಿ ನೆನಪಾಗುವುದಿಲ್ಲ. "ನಾವು ಕಾಣಿಸದಿದ್ದರೆ ನಿಂತಲ್ಲೇ ನಿಲ್ಲು, ಪೊಲೀಸರಿಗೆ ಹೇಳು" ಎಂದು ಹೇಳಿಕೊಡಿ. ಮಕ್ಕಳ ಸಹಾಯವಾಣಿ 1098, ರೈಲ್ವೆ 139, ಪೊಲೀಸ್ 112.

ಕೊನೆಗೊಂದು ಮಾತು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ ಮರಾಠಿ. ಇಡೀ ದಿನ ಅಪ್ಪ ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡಲು ಸಿಗುವುದು ಇಂಥ ದಿನವೇ. ಜಾಗಗಳು ಕಡಿಮೆಯಾದಷ್ಟೂ ಮಾತಿಗೆ ಹೊತ್ತು ಹೆಚ್ಚು. ಮಗು ನಗುತ್ತಿರುವಾಗಲೇ ಮನೆಗೆ ಹೊರಡಿ, ಉಳಿದ ಮುಂಬಯಿ ಮುಂದಿನ ರಜೆಗಿರಲಿ. ಹೋಗಿ ಬಂದು ನಮಗೂ ನಾಲ್ಕು ಸಾಲು ಬರೆಯಿರಿ.