ಕಂಬ, ಕಾಯ ಮತ್ತು ಕ್ರೈಸ್ತ ಮನಸ್ಸಾಕ್ಷಿ

ಮಂಡ್ಯ ಸೀಮೆಯ ಜನರಿಗೆ ಕಂಬದೊಡನೆ ಕುಣಿಯುವುದು ಹೊಸತೇನಲ್ಲ. ಬಣ್ಣಬಣ್ಣದ ವಸ್ತ್ರ ಕಟ್ಟಿದ ಎತ್ತರದ ಬಿದಿರ ಗಳವನ್ನು ಹೊತ್ತು ಹೆಜ್ಜೆ ಹಾಕುವ ಪಟ ಕುಣಿತವನ್ನು ಅವರು ಜಾತ್ರೆ, ಮೆರವಣಿಗೆಗಳಲ್ಲಿ ಕಂಡವರೇ. ಅದನ್ನು ನೋಡಿ ಯಾರೂ ತಲೆ ತಗ್ಗಿಸುವುದಿಲ್ಲ. ಆದರೆ ಯಲಿಯೂರಿನಂಥ ಊರಿನಿಂದ ಬೆಂಗಳೂರಿಗೆ ನೌಕರಿಗೆಂದು ಹೋದ ಮಗಳು, "ಅಮ್ಮಾ, ಸಂಜೆಯ ಹೊತ್ತು ಪೋಲ್ ಡಾನ್ಸ್ ಕಲಿಯುತ್ತಿದ್ದೇನೆ" ಎಂದರೆ ಕಥೋಲಿಕ ಮನೆಯೊಂದರಲ್ಲಿ ಏನಾದೀತು? ತಾಯಿ ಕಣ್ಣೀರಿಟ್ಟು ಜಪಸರ ಹಿಡಿಯಬಹುದು. ತಂದೆ ಮಾತು ಬಿಡಬಹುದು. ಮಗಳು ಹವ್ಯಾಸವನ್ನು ಬಿಡುವಳೋ ಇಲ್ಲವೋ, ಇನ್ನು ಮುಂದೆ ಮನೆಯಲ್ಲಿ ಏನನ್ನೂ ಹೇಳದಿರುವುದನ್ನಂತೂ ಕಲಿತುಕೊಳ್ಳುತ್ತಾಳೆ. ನಿಜವಾದ ನಷ್ಟ ಅಲ್ಲಿಂದಲೇ ಆರಂಭವಾಗುತ್ತದೆ.

ಹೆತ್ತವರ ಭಯಕ್ಕೆ ಆಧಾರವಿಲ್ಲವೆನ್ನಲಾಗದು. ಈ ನೃತ್ಯಕ್ಕೆ ಇಂದಿನ ಹೆಸರು ಬಂದುದೇ ಪಾಶ್ಚಾತ್ಯ ದೇಶಗಳ ರಾತ್ರಿ ಕ್ಲಬ್ಬುಗಳಿಂದ. ಅಲ್ಲಿ ಹಣ ತೆತ್ತು ನೋಡುವ ಗಂಡಸರ ಮುಂದೆ ಹೆಣ್ಣಿನ ಶರೀರ ಸರಕಾಯಿತು. ಆ ನೆನಪು ಇನ್ನೂ ಅಳಿದಿಲ್ಲ.

ಆದರೆ ವ್ಯಾಯಾಮಶಾಲೆಗಳಲ್ಲಿ ಇಂದು ಕಲಿಸುವುದು ಬಹುಮಟ್ಟಿಗೆ ಬೇರೆಯದೇ ಸಾಧನೆ. ಲೋಹದ ಕಂಬವನ್ನು ಹಿಡಿದು ಸ್ವಂತ ದೇಹದ ಭಾರವನ್ನು ಎತ್ತುವುದಕ್ಕೆ ತೋಳು, ಬೆನ್ನು, ಹೊಟ್ಟೆಯ ಸ್ನಾಯುಗಳೆಲ್ಲ ಬಲಗೊಳ್ಳಬೇಕು. ನುಣುಪಾದ ಲೋಹವನ್ನು ಬರಿಯ ಚರ್ಮ ಮಾತ್ರ ಬಿಗಿಯಾಗಿ ಹಿಡಿಯಬಲ್ಲುದು; ಬಟ್ಟೆ ಜಾರುತ್ತದೆ. ತುಂಡುಡುಗೆಗೆ ಇದೂ ಒಂದು ಕಾರಣ. ಇದನ್ನು ಕ್ರೀಡೆಯಾಗಿ ನಡೆಸಲು 2009ರಲ್ಲಿ ಅಂತರರಾಷ್ಟ್ರೀಯ ಪೋಲ್ ಸ್ಪೋರ್ಟ್ಸ್ ಫೆಡರೇಷನ್ ಹುಟ್ಟಿತು. 2017ರಲ್ಲಿ ಜಾಗತಿಕ ಕ್ರೀಡಾ ಒಕ್ಕೂಟಗಳ ಸಂಘವು ಅದಕ್ಕೆ ವೀಕ್ಷಕ ಸ್ಥಾನವನ್ನು ನೀಡಿತು.

ನಮ್ಮ ನಾಡಿನ ಮಲ್ಲಕಂಬವೂ ಇಲ್ಲಿ ನೆನಪಾಗುತ್ತದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿಯೇ ಮಲ್ಲರ ಕಂಬದ ಸಾಧನೆಯ ಪ್ರಸ್ತಾಪವಿದೆ. 2022ರಲ್ಲಿ ಗುಜರಾತಿನಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅದೂ ಒಂದು ಸ್ಪರ್ಧೆಯಾಗಿತ್ತು. ಅಲ್ಲಿಯೂ ಮೈಮೇಲಿನ ಉಡುಗೆ ಅಲ್ಪವೇ. ಆದರೂ ಪ್ರೇಕ್ಷಕರು ಮೆಚ್ಚಿ ಚಪ್ಪಾಳೆ ತಟ್ಟುತ್ತಾರೆ. ಹಾಗಾದರೆ ದೋಷವಿರುವುದು ಕಂಬದಲ್ಲೂ ಅಲ್ಲ, ಕಾಯದಲ್ಲೂ ಅಲ್ಲ.

ಕೆಟ್ಟ ಹೆಸರು ಹೊತ್ತ ಕಲೆಯು ಶುದ್ಧಗೊಂಡ ನಿದರ್ಶನ ನಮ್ಮಲ್ಲೇ ಇದೆ. ದೇವದಾಸಿ ಪದ್ಧತಿಯ ಕಳಂಕ ಅಂಟಿದ್ದರಿಂದ ಒಂದು ಕಾಲದಲ್ಲಿ ದೇವಾಲಯದ ನೃತ್ಯವೆಂದರೆ ಮರ್ಯಾದಸ್ಥರು ಮುಖ ತಿರುಗಿಸುತ್ತಿದ್ದರು. ಮೈಸೂರು ಸಂಸ್ಥಾನವು 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. 1936ರಲ್ಲಿ ರುಕ್ಮಿಣೀದೇವಿ ಅರುಂಡೇಲ್ ಮದರಾಸಿನಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದ ಮೇಲೆ ಅದೇ ನೃತ್ಯ ಭರತನಾಟ್ಯವೆಂಬ ಹೆಸರಿನಲ್ಲಿ ಮನೆಮನೆಯ ಹೆಣ್ಣುಮಕ್ಕಳದಾಯಿತು. ಮುಂದೆ ಧರ್ಮಸಭೆಯೂ ಅದನ್ನು ಆದರಿಸಿತು. 1977ರಲ್ಲಿ ತಿರುಚಿರಾಪಳ್ಳಿಯಲ್ಲಿ ಕಥೋಲಿಕ ಗುರುಗಳೊಬ್ಬರ ಶ್ರಮದಿಂದ 'ಕಲೈ ಕಾವಿರಿ' ಕಲಾಸಂಸ್ಥೆ ತಲೆಯೆತ್ತಿತು. ಫ್ರಾನ್ಸಿಸ್ ಬಾರ್ಬೋಜ ಅವರು ಯಾಜಕರಾಗಿದ್ದುಕೊಂಡೇ ಭರತನಾಟ್ಯವನ್ನು ಕಲಿತು, ಕ್ರೈಸ್ತ ವಿಷಯಗಳಿಗೆ ಹೊಸ ಹಸ್ತಮುದ್ರೆಗಳನ್ನು ರೂಪಿಸಿದರು. ಮೊದಮೊದಲು ಹುಬ್ಬುಗಂಟಿಕ್ಕಿದವರು ಕಡಿಮೆಯೇನಿರಲಿಲ್ಲ.

ಪವಿತ್ರ ಗ್ರಂಥದಲ್ಲಿ ಎರಡು ನೃತ್ಯಗಳಿವೆ. ದೇವರ ಮಂಜೂಷದ ಮುಂದೆ ಅರಸ ದಾವೀದನು ತೆಳುವಾದ ನಾರುಮಡಿಯನ್ನುಟ್ಟು ಮೈಮರೆತು ಕುಣಿದನು. ದಾಸಿಯರ ಕಣ್ಣೆದುರಿಗೆ ಮಾನಗೆಟ್ಟನೆಂದು ಮಡದಿ ಮೀಕಲಳು ಹಳಿದಳು. ತಾನು ಕುಣಿದುದು ಸರ್ವೇಶ್ವರನ ಮುಂದೆ ಎಂಬುದೇ ದಾವೀದನ ಉತ್ತರ. ಇನ್ನೊಂದು ಹೆರೋದನ ಹುಟ್ಟುಹಬ್ಬದ ಔತಣದಲ್ಲಿ ನಡೆದ ನೃತ್ಯ. ಅದರ ಬೆಲೆ ಸ್ನಾನಿಕ ಯೊವಾನ್ನರ ಶಿರಸ್ಸು. ಆದರೆ ಶುಭಸಂದೇಶವನ್ನು ಲಕ್ಷ್ಯವಿಟ್ಟು ಓದಿದರೆ, ಅಲ್ಲಿ ಅಪರಾಧ ಬಾಲೆಯ ಹೆಜ್ಜೆಗಳದಲ್ಲ. ಯೋಚಿಸದೆ ಆಣೆಯಿಟ್ಟ ಅರಸನದು, ಮಗಳನ್ನು ಹಗೆಯ ಸಾಧನವಾಗಿಸಿಕೊಂಡ ತಾಯಿಯದು. ಯಾರ ಮುಂದೆ ಮತ್ತು ಯಾವುದಕ್ಕಾಗಿ ಎಂಬುದೇ ಈ ಎರಡು ನೃತ್ಯಗಳ ನಡುವಣ ಅಂತರ.

ಸಂತ ಪೌಲರ ಕಾಲದ ಕೊರಿಂಥದಲ್ಲಿ ಇದಕ್ಕೆ ಸಮೀಪವಾದ ಸಮಸ್ಯೆಯೊಂದು ಎದ್ದಿತ್ತು. ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ಕ್ರೈಸ್ತರು ತಿನ್ನಬಹುದೆ? ವಿಗ್ರಹವೆಂಬುದು ಏನೂ ಅಲ್ಲವಾದುದರಿಂದ ಮಾಂಸದಲ್ಲಿ ದೋಷವಿಲ್ಲವೆಂದು ಪೌಲರು ಒಪ್ಪಿದರು. ಆದರೆ ತನ್ನ ಊಟದಿಂದ ದುರ್ಬಲ ಮನಸ್ಸಾಕ್ಷಿಯ ಸಹೋದರನು ಎಡವುವುದಾದರೆ ಮಾಂಸವನ್ನೇ ತ್ಯಜಿಸುವೆನೆಂದರು. ರೋಮನರಿಗೆ ಬರೆದ ಪತ್ರದಲ್ಲಿ ಇನ್ನೊಂದು ಮಾತು ಸೇರಿಸಿದರು: ತಿನ್ನುವವನು ತಿನ್ನದವನನ್ನು ಹೀಗಳೆಯದಿರಲಿ; ತಿನ್ನದವನು ತಿನ್ನುವವನಿಗೆ ತೀರ್ಪು ಕೊಡದಿರಲಿ. ಕ್ಲಬ್ಬಿನಿಂದ ವ್ಯಾಯಾಮಶಾಲೆಗೆ ಬಂದ ಕಂಬಕ್ಕೂ ಇದೇ ಅಳತೆಗೋಲು ಸಲ್ಲುತ್ತದೆ. ಇದು ಮಗಳಿಗೂ ಹೆತ್ತವರಿಗೂ ಸಮನಾಗಿ ಅನ್ವಯಿಸುವ ಬೋಧನೆ.

ಮಗಳು ತನ್ನನ್ನೇ ಕೇಳಿಕೊಳ್ಳಬೇಕಾದುದು ಇಷ್ಟು: ನಾನು ಕಲಿಯುವ ಸ್ಥಳ ಎಂಥದು, ನೋಡುವವರು ಯಾರು? ಅಲ್ಲಿ ತೆಗೆದ ಚಿತ್ರಗಳನ್ನು ಅಪರಿಚಿತರ ಮೆಚ್ಚುಗೆಗಾಗಿ ಮೊಬೈಲಿನಲ್ಲಿ ಹರಿಯಬಿಡುತ್ತಿದ್ದೇನೆಯೆ? ಭಾನುವಾರದ ಬಲಿಪೂಜೆಗಿಂತ ಇದು ದೊಡ್ಡದಾಗಿದೆಯೆ? 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಶರೀರದ ಆರೋಗ್ಯವನ್ನು ಗೌರವಿಸಲು ಹೇಳುತ್ತದೆ. ಜೊತೆಗೇ ಶರೀರದ ಆರಾಧನೆಯನ್ನು ನಿರಾಕರಿಸುತ್ತದೆ. ದೇಹವು ಪವಿತ್ರಾತ್ಮರ ಆಲಯವೆಂದು ನಂಬುವವಳು ಅದನ್ನು ಬಲಪಡಿಸಬಹುದು. ಮಾರಾಟಕ್ಕಿಡಲಾಗದು, ವಿಗ್ರಹವನ್ನಾಗಿಸಲೂ ಆಗದು. ಈ ಪ್ರಶ್ನೆಗಳಿಗೆ ನೆಮ್ಮದಿಯ ಉತ್ತರ ದೊರೆಯದಿದ್ದರೆ, ಯಾರೂ ಹೇಳುವ ಮುನ್ನವೇ ಅದನ್ನು ಬಿಡುವುದು ಲೇಸು.

ಹೆತ್ತವರ ಹೊಣೆ ಇನ್ನೂ ಹಿರಿದು. ಸಂಕೋಚದ ರೂಪಗಳು ಸಂಸ್ಕೃತಿಯಿಂದ ಸಂಸ್ಕೃತಿಗೆ ಬೇರೆಯಾಗುತ್ತವೆಂದು ಅದೇ ಧರ್ಮೋಪದೇಶ ಗ್ರಂಥವು ತಿಳಿಸುತ್ತದೆ. ಆದುದರಿಂದ ಹೆಸರನ್ನು ಕೇಳಿದೊಡನೆ ತೀರ್ಪು ಕೊಡುವುದು ಬೇಡ. ಒಮ್ಮೆ ಬೆಂಗಳೂರಿಗೆ ಹೋಗಿ ಆ ತರಗತಿಯನ್ನು ಕಣ್ಣಾರೆ ಕಾಣಿರಿ; ಕಲಿಸುವವರೊಡನೆ ಮಾತನಾಡಿರಿ; ಧರ್ಮಕೇಂದ್ರದ ಗುರುಗಳ ಸಲಹೆಯನ್ನೂ ಪಡೆಯಿರಿ. ನೋಡಿದ ಮೇಲೆಯೂ ಮನಸ್ಸು ಒಪ್ಪದಿದ್ದರೆ ಅದನ್ನು ಪ್ರೀತಿಯಿಂದ ಹೇಳಿರಿ. ನೊಂದ ಹೆತ್ತವರಿಗಾಗಿ ಹವ್ಯಾಸವೊಂದನ್ನು ಬಿಟ್ಟುಕೊಡುವುದು ಮಗಳಿಗೆ ಸೋಲಲ್ಲ; ನಿರ್ಮಲ ಮನಸ್ಸಿನ ಮಗಳನ್ನು ನಂಬುವುದು ಹೆತ್ತವರಿಗೆ ಅವಮಾನವಲ್ಲ. ಮಕ್ಕಳು ತಮ್ಮ ಹವ್ಯಾಸಗಳನ್ನು ಅಂಜದೆ ಹೇಳಿಕೊಳ್ಳಬಲ್ಲ ಮನೆಯಲ್ಲಿ ಪ್ರಲೋಭನೆಗೆ ಎಡೆ ಕಡಿಮೆ. ಅಂಥ ಮನೆ ನಮ್ಮ ಪ್ರತಿಯೊಂದು ಕುಟುಂಬದ್ದಾಗಲಿ.